ಯಾವ್ದುಕ್ ಡಾಕ್ಟ್ರು ಮಗ?

ಎರಡು ವರ್ಷದ ಹಿಂದಿನ ಮಾತು. ಮಳವಳ್ಳಿಯಿಂದ ಅಪ್ಪನ ಫೋನು ಬಂತು. ನಾನು ಬೆಂಗಳೂರಲ್ಲಿ, ಎಂದಿನಂತೆ ಮೀಟಿಂಗಲ್ಲಿದ್ದೆ. ಕಾಲು ಊದ್ಕೊಂಡಿದೆ ಅಂತ ಅಪ್ಪ ಊರಿನ ಡಾಕ್ಟರ ಹತ್ರ ಹೋಗಿದ್ದರು. ಅವರು ರಕ್ತಪರೀಕ್ಷೆ ಮಾಡಿಸಿ, ಮೈಸೂರಿಗೆ ಹೋಗಿ ತೋರಿಸಿ ಅಂತ ಒಂದು ಚೀಟಿ ಬರೆದುಕೊಟ್ಟಿದ್ದರು. ಅಪ್ಪ ಚೀಟಿಯ ಫೋಟೋ ವಾಟ್ಸಾಪ್ ಮಾಡಿ ಕೇಳಿದ್ರು: "ಇದೇನೋ ಬರ್ದವ್ರೆ. ಯಾವ್ದುಕ್ ಡಾಕ್ಟ್ರು ಮಗ ಇವ್ರು?"

"ನೆಫ್ರಾಲಜಿ ಕಣಪ್ಪ. ಕೌಂಟರಲ್ಲಿ ನೆಫ್ರೋ ಅನ್ನು, ಅವರೇ ಕಳಿಸ್ತಾರೆ" ಅಂದು ಫೋನಿಟ್ಟೆ.

ಮಾರನೇ ದಿನ ಬೆಳಗಿನ ಬಸ್ಸು ಹತ್ತಿದ ಅಪ್ಪ ಬನ್ನೂರು ದಾಟಿ ಮೈಸೂರು ಸೇರೋ ಹೊತ್ತಿಗೆ ನಾನು ಹೇಳಿದ ನೆಫ್ರೋ ಅವರ ಬಾಯಲ್ಲಿ ನ್ಯೂರೋ ಆಗಿತ್ತು. ಚೀಟಿ ಜೇಬಲ್ಲೇ ಉಳೀತು. ಕೇಳಿದ ಕಡೆಗೆ ಸರಿಯಾಗಿಯೇ ದಾರಿ ತೋರಿಸಿದ್ರು. ಮಧ್ಯಾಹ್ನ ಎರಡೂವರೆವರೆಗೆ ನರದ ಡಾಕ್ಟರ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಆ ಡಾಕ್ಟರು ಚೀಟಿ ನೋಡಿ, "ಯಜಮಾನ್ರೇ, ನಿಮಗೆ ಬೇಕಿರೋದು ಕಿಡ್ನಿ ಡಾಕ್ಟ್ರು. ಇವತ್ತು ಅವರದ್ದು ಮುಗೀತು, ಗುರುವಾರ ಬನ್ನಿ" ಅಂದ್ರಂತೆ.

ಆಸ್ಪತ್ರೆಯವರ ತಪ್ಪಿಲ್ಲ, ಅಪ್ಪನದಂತೂ ಅಲ್ಲವೇ ಅಲ್ಲ. ಅಪ್ಪ ಕೇಳಿದ್ದ ಪ್ರಶ್ನೆ ಬಹಳ ಸರಳವಾಗಿತ್ತು. ಅದಕ್ಕೆ ಎರಡೇ ಪದದ ಉತ್ತರ ಇತ್ತು: ಕಿಡ್ನಿ ಡಾಕ್ಟ್ರು. ಅದು ನನ್ನ ಬಾಯಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯೋಚಿಸ್ತಾ ಹೋದಾಗ, ನಮ್ಮ ಸೀಮೆಯಲ್ಲಿ ವಾಸಿ ಮಾಡೋರನ್ನ ಏನೇನಂತ ಕರೀತಿದ್ರು ಅನ್ನೋ ಚರಿತ್ರೆಯೇ ಬಿಚ್ಚಿಕೊಳ್ತು.

ಮೊದಲು ದೊಡ್ಡ ಹೆಸರುಗಳನ್ನೇ ನೋಡೋಣ. ವೈದ್ಯ ಅನ್ನೋದು ಸಂಸ್ಕೃತದ 'ವಿದ್' ಧಾತುವಿನಿಂದ ಬಂದದ್ದು. ವಿದ್ಯೆ ಉಳ್ಳವನು, ಬಲ್ಲವನು ಅಂತ ಅರ್ಥ. ಹಳೇ ಮೈಸೂರಲ್ಲಿ ಆಯುರ್ವೇದದವರನ್ನ ಪಂಡಿತರು ಅಂತಿದ್ರು. ಅಂದ್ರೂ ಬಲ್ಲವನು. ಹಕೀಮ ಅನ್ನೋದು ಅರಬ್ಬಿ ಪದ, ಅದರ ಅರ್ಥ ವಿವೇಕಿ. ಇನ್ನು ಡಾಕ್ಟರ್? ಲ್ಯಾಟಿನ್‌ನಲ್ಲಿ ಕಲಿಸುವವನು, ಅಂದರೆ ಮೇಷ್ಟ್ರು. ಮೂರು ಭಾಷೆ ಸುತ್ತಿ ಬಂದ್ರೂ ನಾಲ್ಕೂ ಪದ ಹೇಳೋದು ಒಂದೇ ಮಾತು: ಇವನಿಗೆ ಗೊತ್ತಿದೆ. ಏನು ಗೊತ್ತಿದೆ, ಯಾವುದಕ್ಕೆ ಕೈ ಹಾಕ್ತಾನೆ ಅನ್ನೋದನ್ನ ಯಾವ ಪದವೂ ಹೇಳೋದಿಲ್ಲ.

ನಮ್ಮ ಕಡೆ ದೇವರಿಗೂ ಇದೇ ಹೆಸರು. ಮದ್ದೂರಿನ ಹತ್ತಿರ ಶಿಂಷಾ ದಂಡೆಯಲ್ಲಿ ವೈದ್ಯನಾಥಪುರ ಇದೆ, ಅಲ್ಲಿ ಶಿವ ವೈದ್ಯನಾಥೇಶ್ವರ. ಮಳವಳ್ಳಿಯಿಂದ ಕಾವೇರಿ ದಾಟಿದರೆ ತಲಕಾಡು, ಅಲ್ಲೂ ವೈದ್ಯನಾಥೇಶ್ವರ. ತಲಕಾಡಿನ ಕತೆ ನಿಮಗೂ ಗೊತ್ತಿರಬಹುದು. ತಲ, ಕಾಡ ಅನ್ನೋ ಇಬ್ಬರು ಬೇಡರು ಒಂದು ಬೂರುಗದ ಮರಕ್ಕೆ ಕೊಡಲಿ ಹಾಕಿದ್ರು. ಮರದಿಂದ ರಕ್ತ ಚಿಮ್ಮಿತು. ಗಾಯಕ್ಕೆ ಅದೇ ಮರದ ಸೊಪ್ಪು ಕಟ್ಟಿ ಅನ್ನೋ ದನಿ ಕೇಳಿಸಿತು, ಕಟ್ಟಿದ್ರು, ವಾಸಿಯಾಯ್ತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ್ದರಿಂದ ಶಿವ ವೈದ್ಯನಾದ ಅಂತಾರೆ. ಈ ಕತೆಯಲ್ಲಿ ನನಗೆ ಇಷ್ಟವಾಗೋದು ಇನ್ನೊಂದು ವಿಷ್ಯ. ಮದ್ದು ಹೇಳಿದವನಿಗೆ ವೈದ್ಯ ಅನ್ನೋ ಹೆಸರು ಬಂತು. ಸೊಪ್ಪು ಅರೆದು ಕಟ್ಟಿದ ತಲ, ಕಾಡರಿಗೆ ಅಂಥ ಹೆಸರೇನೂ ಬರಲಿಲ್ಲ!

ಹೇಳೋರಿಗೆ ಒಂದು ಹೆಸರು, ಮಾಡೋರಿಗೆ ಇನ್ನೊಂದು. ಊರೊಳಗೆ ಬಳಕೆಯಲ್ಲಿದ್ದದ್ದು ಈ ಎರಡನೇ ಬಗೆಯ ಹೆಸರುಗಳೇ. ಸೂಲು ಅಂದ್ರೆ ಹೆರಿಗೆ, ಹೆರಿಗೆ ಮಾಡಿಸೋಳು ಸೂಲಗಿತ್ತಿ. ಮೂಳೆ ಮುರಿದ್ರೆ ಮೂಳೆ ಕಟ್ಟೋರು. ಹಾವು ಕಡಿದ್ರೆ ವಿಷ ಇಳಿಸೋರು. ಕಾಮಾಲೆಗೆ ಸೊಪ್ಪು ಕೊಡೋರು. ಕುರು ಕೊಯ್ಯೋದು ಎಷ್ಟೋ ಊರಲ್ಲಿ ಕ್ಷೌರಿಕರ ಕೆಲಸವಾಗಿತ್ತು. ಈ ಹೆಸರು ಕೇಳಿದವನಿಗೆ ಅನುಮಾನವೇ ಇರ್ತಿರಲಿಲ್ಲ. ಅಪ್ಪ ಕೇಳಿದ 'ಯಾವ್ದುಕ್' ಅನ್ನೋ ಪ್ರಶ್ನೆಗೆ ಹೆಸರೇ ಉತ್ತರ.

ಯುರೋಪಿನ ಕತೆಯೂ ಬೇರೆಯಲ್ಲ. ಸರ್ಜನ್ ಅನ್ನೋ ಪದದ ಬೇರು ಗ್ರೀಕಿನಲ್ಲಿದೆ, ಅದರ ಅರ್ಥ ಕೈಗೆಲಸ. ಲಂಡನ್ನಿನಲ್ಲಿ 1745ರವರೆಗೆ ಕ್ಷೌರಿಕರೂ ಸರ್ಜನ್‌ಗಳೂ ಒಂದೇ ಸಂಘದಲ್ಲಿದ್ದರು. ಓದಿದ ಫಿಜಿಶಿಯನ್ನಿಗೆ ಡಾಕ್ಟರ್ ಅನ್ನೋ ಗೌರವ, ಕೊಯ್ಯುವವನಿಗೆ ಬರೀ ಮಿಸ್ಟರ್. ಇಂಗ್ಲೆಂಡಿನ ಸರ್ಜನ್‌ಗಳು ಇವತ್ತಿಗೂ ತಮ್ಮನ್ನ ಮಿಸ್ಟರ್ ಅಂತಲೇ ಕರೆಸಿಕೊಳ್ತಾರೆ. ಈಗ ಅದೇ ಅವರಿಗೆ ಹೆಮ್ಮೆ.

ಕೈಗೆಲಸದವರ ಹೆಸರು ಹೇಗೆ ಮರೆಯಾಗುತ್ತೆ ಅನ್ನೋದಕ್ಕೆ ನಮ್ಮ ಮಂಡ್ಯ ಜಿಲ್ಲೆಗೇ ಸೇರಿದ ಒಂದು ಘಟನೆ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೀತಿದ್ದ ಕಾವಸ್‌ಜಿ ಅನ್ನೋನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗು ಮತ್ತು ಒಂದು ಕೈ ಕಳೆದುಕೊಂಡ. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನ ಸೇರಿಕೊಂಡ. ಮುಂದೆ ಪುಣೆಯ ಹತ್ತಿರ ಒಬ್ಬ ದೇಶೀ ಕುಶಲಿ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಚಿತ್ರಸಹಿತ ಇದನ್ನ ಅಚ್ಚು ಹಾಕಿತು. ಅದನ್ನ ಆಧಾರ ಮಾಡಿಕೊಂಡು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಹೇಳೋರೆಲ್ಲ ಈ ಮೂಗಿನ ಕತೆಯನ್ನ ಹೇಳೇ ಹೇಳ್ತಾರೆ. ಕಾವಸ್‌ಜಿಯ ಹೆಸರು ಉಳೀತು, ಕಾರ್ಪ್ಯೂ ಹೆಸರು ಉಳೀತು. ಮೂಗು ಕಟ್ಟಿದವನ ಬಗ್ಗೆ ಆ ಪತ್ರಿಕೆಯಲ್ಲಿ ಇರೋದು 'ಇಟ್ಟಿಗೆ ಮಾಡೋ ಜಾತಿಯವನು' ಅಂತ ಮಾತ್ರ. ತಮಾಷೆ ಅಂದ್ರೆ ಪ್ಲಾಸ್ಟಿಕ್ ಅನ್ನೋ ಗ್ರೀಕ್ ಪದದ ಮೂಲ ಅರ್ಥ ಮಣ್ಣು ಮುಂತಾದ್ದನ್ನ ಅಚ್ಚಿಗೆ ತಕ್ಕಂತೆ ರೂಪಿಸೋದು. ಇಟ್ಟಿಗೆ ಮಾಡೋರ ಕೆಲಸವೂ ಅದೇ ತಾನೇ.

ಕನ್ನಡದಲ್ಲಿ ಓದುಬರಹದ ವೈದ್ಯ ಇರಲಿಲ್ಲ ಅಂತಲ್ಲ. 1162ರ ಬಳ್ಳಿಗಾವೆಯ ಕೋಡಿಯಮಠದ ಶಾಸನ ಆ ಮಠದಲ್ಲಿ ರೋಗಿಗಳಿಗೆ ಚಿಕಿತ್ಸೆ ಸಿಗ್ತಿತ್ತು ಅಂತ ಹೇಳುತ್ತೆ. ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲಿ ಒಂದು, ಸುಮಾರು 1125ರದ್ದು ಅನ್ನೋ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ'. ಹೆಸರೇ ಹೇಳೋ ಹಾಗೆ ದನಕರುಗಳ ಚಿಕಿತ್ಸೆಯ ಪುಸ್ತಕ. ಹದಿನಾಲ್ಕನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಚಿಕಿತ್ಸೆಗೇ ಮೀಸಲು. ಅಭಿನವಚಂದ್ರ ಬರೆದದ್ದು 'ಅಶ್ವವೈದ್ಯ'. ಗಮನಿಸಿ, ಇವೆಲ್ಲ ಒಂದೊಂದು ವಿಷಯದ ಪುಸ್ತಕಗಳು. ಸ್ಪೆಷಲಿಸ್ಟ್ ಅನ್ನೋ ಪದ ಹೊಸದಿರಬಹುದು, ಸಂಗತಿ ಹಳೇದು. ನಮ್ಮ ಸೀಮೆಯ ಹಳ್ಳಿಗಳಿಗೂ ಇಂಗ್ಲಿಷ್ ಕಾಲದ ಮೊದಲ ಸ್ಪೆಷಲಿಸ್ಟ್ ಆಗಿ ಕಂಡದ್ದು 'ದನದ ಡಾಕ್ಟ್ರು' ಅಂತ ನನ್ನ ಗುಮಾನಿ. ಹಳ್ಳಿಕಾರ್ ಎತ್ತು, ಬಂಡೂರು ಕುರಿ ಸಾಕೋ ನಾಡಲ್ಲಿ ಅವರಿಗಿರೋ ಮರ್ಯಾದೆ ನಿಮಗೆ ಗೊತ್ತೇ ಇದೆ. ದನದ ಡಾಕ್ಟ್ರು ಅನ್ನೋ ಪದದಲ್ಲಿ ಒಂದು ಉಪಾಯ ಅಡಗಿದೆ, ಅದಕ್ಕೆ ಆಮೇಲೆ ಬರ್ತೀನಿ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಸರ್ಕಾರ ನಮ್ಮ ಮೈಗೆ ಕೈ ಹಾಕೋಕೆ ಶುರುಮಾಡ್ತು. ಸಿಡುಬಿನ ಲಸಿಕೆ ಬಂತು. ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿಯವರನ್ನ 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರ ಲಸಿಕೆಯ ಪ್ರಚಾರಕ್ಕಾಗಿಯೇ ಬರೆಸಿದ್ದು ಅಂತ ಇತಿಹಾಸಕಾರರು ವಾದಿಸ್ತಾರೆ. ಇಂಗ್ಲಿಷಿನವರ ವ್ಯಾಕ್ಸೀನ್ ಹುಟ್ಟಿದ್ದು ಲ್ಯಾಟಿನ್ನಿನ ಹಸುವಿನಿಂದ. ನಮ್ಮ ಜನ ಅದನ್ನ 'ದೇವಿ ಹಾಕೋದು' ಅಂದ್ರು, ಹಾಕೋ ನೌಕರ 'ದೇವಿ ಹಾಕೋನು' ಆದ. ಸಿಡುಬು ಅಂದ್ರೆ ಅಮ್ಮ, ತೋಳಿಗೆ ಗೀರಿ ಹಾಕೋದು ಅದೇ ಅಮ್ಮನನ್ನ ಒಂದಿಷ್ಟು. ಲಸಿಕೆಯ ತತ್ವವನ್ನ ಇಷ್ಟು ಚಿಕ್ಕದಾಗಿ ಯಾವ ಇಲಾಖೆಯೂ ವಿವರಿಸಿಲ್ಲ.

ಆಮೇಲೆ ಬಂದದ್ದು ಅಕ್ಷರಗಳ ಕಾಲ. 1908ರಲ್ಲಿ ಮೈಸೂರಲ್ಲಿ ಆಯುರ್ವೇದ ಕಾಲೇಜು. 1917ರಲ್ಲಿ ಬೆಂಗಳೂರಲ್ಲಿ ಎಲ್.ಎಂ.ಪಿ. ಕಲಿಸೋ ವೈದ್ಯಶಾಲೆ. 1924ರಲ್ಲಿ ಮೆಡಿಕಲ್ ಕಾಲೇಜು, 1930ರಲ್ಲಿ ಅದು ಮೈಸೂರಿಗೆ ಬಂತು. ಊರಿಗೆ ಬಂದ ಡಾಕ್ಟರು 'ಎಲ್ಲೆಂಪಿ ಡಾಕ್ಟ್ರು' ಆದ್ರು. ಅವರ ಪಕ್ಕದಲ್ಲಿ ಕಾಂಪೌಂಡ್ರು, ಅಂದ್ರೆ ಬೆರೆಸೋನು. ಬಾಟಲಿಗೆ ಕೆಂಪು ಔಷಧಿ ತುಂಬಿ, ಹೊತ್ತಿಗೆ ಎಷ್ಟು ಅಂತ ಕಾಗದ ಕತ್ತರಿಸಿ ಅಂಟಿಸಿ ಕೊಡೋನು. ಇಲ್ಲೂ ಅದೇ ವಿಂಗಡಣೆ ನೋಡಿ. ಡಾಕ್ಟರಿಗೆ ಪದವಿಯ ಹೆಸರು, ಕಾಂಪೌಂಡ್ರಿಗೆ ಕೆಲಸದ ಹೆಸರು.

ಮಂಡ್ಯಕ್ಕೆ ಕಾವೇರಿ ನಾಲೆಯ ನೀರು ಹರಿದದ್ದು 1930ರ ದಶಕದಲ್ಲಿ. ಅವತ್ತಿಗೆ ಅದು ಇರ್ವಿನ್ ನಾಲೆ, ಇವತ್ತಿಗೆ ವಿ.ಸಿ. ನಾಲೆ. ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲೆಯ ಪಟ್ಟ ಎಲ್ಲ ಅದರ ಹಿಂದೆಯೇ ಬಂದವು. ಜೊತೆಗೆ ಮಲೇರಿಯಾನೂ ಬಂತು. ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಷನ್ ನೆರವಿನಿಂದ 1929ರಲ್ಲೇ ಆರೋಗ್ಯ ಇಲಾಖೆಯನ್ನ ಕ್ರಮಬದ್ಧವಾಗಿ ಕಟ್ಟಿತ್ತು. 1953ರಲ್ಲಿ ದೇಶವ್ಯಾಪಿ ಮಲೇರಿಯಾ ನಿಯಂತ್ರಣ ಶುರುವಾಯ್ತು. ಡಿಡಿಟಿ ಡಬ್ಬ ಹೊತ್ತು ಬಂದು, ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗೋರನ್ನ ಜನ 'ಮಲೇರಿಯಾದೋರು' ಅಂದ್ರು. ಅವರು ಡಾಕ್ಟರಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಏನಕ್ಕೆ ಬಂದಿದಾರೆ ಅನ್ನೋದೂ ಗೊತ್ತಿತ್ತು.

ಬಲ್ಲವನು ಅನ್ನೋ ಅರ್ಥದ ಪದಗಳಿಗೆ ಮಾತ್ರ ಒಂದು ರೋಗ ಇದೆ. ಅವು ಬೇಗ ಸವೆಯುತ್ತವೆ. ಪಂಡಿತ ಅನ್ನೋ ದೊಡ್ಡ ಪದ, ಎಲ್ಲ ಕಾಯಿಲೆಗೂ ಒಂದೇ ಮದ್ದು ಕೊಡೋ 'ಅಳಲೆಕಾಯಿ ಪಂಡಿತ'ನ ಮಟ್ಟಕ್ಕೆ ಇಳೀತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ಎಲ್.ಎಂ.ಪಿ. ಬೇಡ, ಎಲ್ಲರಿಗೂ ಒಂದೇ ಎಂ.ಬಿ.ಬಿ.ಎಸ್. ಇರಲಿ ಅಂತು. ಎಲ್ಲೆಂಪಿ ಹೋಯ್ತು. ಆ ಜಾಗಕ್ಕೆ ಹಳ್ಳಿಯಲ್ಲಿ 'ಆರೆಂಪಿ ಡಾಕ್ಟ್ರು' ಬಂದ್ರು. ಕಾನೂನಿನಲ್ಲಿ ಆರ್.ಎಂ.ಪಿ. ಅಂದ್ರೆ ನೋಂದಾಯಿತ ವೈದ್ಯ, ಅಂದ್ರೆ ಸರಿಯಾಗಿ ಓದಿ ಕೌನ್ಸಿಲ್ಲಿನಲ್ಲಿ ಹೆಸರು ಬರೆಸಿದೋನು. ಹಳ್ಳಿಯಲ್ಲಿ ಆರೆಂಪಿ ಅಂದ್ರೆ ಯಾವ ನೋಂದಣಿಯೂ ಇಲ್ಲದೆ ಸೂಜಿ ಚುಚ್ಚೋನು! ಒಂದೇ ಮೂರಕ್ಷರ, ಪೂರಾ ಉಲ್ಟಾ ಅರ್ಥ.

ಕೆಲಸದ ಹೆಸರುಗಳು ಹೀಗೆ ಸುಳ್ಳಾಗೋದಿಲ್ಲ. ಹೆರಿಗೆ ಮಾಡಿಸದೆ ಯಾರೂ ಸೂಲಗಿತ್ತಿ ಅನ್ನಿಸಿಕೊಳ್ಳೋಕಾಗಲ್ಲ. ಹಾಗಂತ ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ನಮ್ಮಜ್ಜಿ ಒಂಬತ್ತು ಹೆತ್ತು ಐದು ಉಳಿಸಿಕೊಂಡವಳು. ಅವಳ ತಂಗಿ ಬಾಣಂತನದಲ್ಲೇ ಹೋದಳು. ಸೂಲಗಿತ್ತಿಯ ಕೈ ಎಷ್ಟು ಪಳಗಿದ್ದರೂ ರಕ್ತ ನಿಲ್ಲದಿದ್ದಾಗ ಅವಳ ಹತ್ತಿರ ಬೇರೆ ಉಪಾಯ ಇರಲಿಲ್ಲ. 2005ರಿಂದ ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆ ಆಸ್ಪತ್ರೆಗೆ ಹೋಗಿದ್ದು ಒಳ್ಳೇದೇ ಆಯ್ತು. ಪಾವಗಡ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡ್ರು. ಆ ಪದಕ್ಕೆ ಸಿಕ್ಕ ಬೀಳ್ಕೊಡುಗೆಯ ಹಾಗೆ ಕಾಣುತ್ತೆ ನನಗದು. ಅವರ ಹೆಸರಿನ ಹಿಂದೆ ಡಾಕ್ಟರ್ ಅನ್ನೋ ಹಾಗೆಯೇ ಸೂಲಗಿತ್ತಿ ಅನ್ನೋದು ನಿಂತಿತ್ತು.

ಈಗ ಇವತ್ತಿನ ಬೋರ್ಡುಗಳಿಗೆ ಬರೋಣ. ಬೆಳ್ಳೂರಿನ ಆದಿಚುಂಚನಗಿರಿ ಮೆಡಿಕಲ್ ಕಾಲೇಜು 1986ರದ್ದು, ಮಂಡ್ಯದ ಮಿಮ್ಸ್ 2006ರದ್ದು. ಜಿಲ್ಲೆಯಲ್ಲೇ ತರಾವರಿ ಸ್ಪೆಷಲಿಸ್ಟುಗಳಿದಾರೆ. ಬೋರ್ಡಿನಲ್ಲಿರೋ ಹೆಸರುಗಳು ಗ್ರೀಕಿನವು. ಗ್ರೀಕರಿಗೆ ಅವು ಅಡುಗೆಮನೆಯ ಪದಗಳಷ್ಟೇ ಸರಳ. ನೆಫ್ರಾಸ್ ಅಂದ್ರೆ ಮೂತ್ರಪಿಂಡ, ಅಷ್ಟೆ. ನ್ಯೂರಾನ್ ಅಂದ್ರೆ ನರ. ಇವೆರಡಕ್ಕೆ ನೆಂಟಸ್ತನ ಇಲ್ಲದಿದ್ದರೂ ನೆನಪಿಟ್ಟುಕೊಳ್ಳೋಕೆ ಒಳ್ಳೇದು. ಕೆಲವು ಪದ ಗ್ರೀಕರಿಗೂ ದಾರಿ ತಪ್ಪಿಸ್ತವೆ. ಆರ್ಥೋಪೆಡಿಕ್ಸ್ ಅನ್ನೋದನ್ನ 1741ರಲ್ಲಿ ನಿಕೊಲಾ ಆಂದ್ರಿ ಅನ್ನೋ ಫ್ರೆಂಚ್ ವೈದ್ಯ ಟಂಕಿಸಿದ. ಆರ್ಥೋಸ್ ಅಂದ್ರೆ ನೆಟ್ಟಗೆ, ಪೈಡಿಯನ್ ಅಂದ್ರೆ ಮಗು. ಮಕ್ಕಳ ಸೊಟ್ಟಗಾಲು, ಬೆನ್ನು ನೆಟ್ಟಗೆ ಮಾಡೋ ವಿದ್ಯೆ ಅಂತ. ಅದರಲ್ಲಿ ಮೂಳೆ ಅನ್ನೋ ಮಾತೇ ಇಲ್ಲ! ನಮ್ಮೂರಿನ 'ಮೂಳೆ ಡಾಕ್ಟ್ರು' ಅನ್ನೋ ಪದವೇ ಹೆಚ್ಚು ನಿಖರ.

ಬೋರ್ಡು ಕನ್ನಡಕ್ಕೆ ಬಂದಾಗ ಇನ್ನೊಂದು ಎಡವಟ್ಟು. ಮೂತ್ರಪಿಂಡ ತಜ್ಞರು, ಅರಿವಳಿಕೆ ತಜ್ಞರು, ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರು. ಪದಗಳು ಸರಿಯಾಗೇ ಇವೆ, ಬಾಯಿಗೆ ಬರೋದಿಲ್ಲ. ತಜ್ಞ ಅಂದ್ರೂ ಮತ್ತೆ ಅದೇ, ಬಲ್ಲವನು. ಡಾ. ಡಿ.ಎಸ್. ಶಿವಪ್ಪ ಅಂಥವರು ಕನ್ನಡದಲ್ಲಿ ವೈದ್ಯಪದಗಳನ್ನ ಕಟ್ಟೋಕೆ ದುಡಿದ್ರು. ಡಾ. ಅನುಪಮಾ ನಿರಂಜನ 'ತಾಯಿ-ಮಗು'ವಿನಂಥ ಪುಸ್ತಕ ಬರೆದು ಹೆಂಗಸರಿಗೆ ಅವರ ಮೈಯ ವಿಷ್ಯ ತಿಳಿಸಿದ್ರು. ಆ ಕೆಲಸ ಪೂರಾ ನಡೆದಿದ್ದು ಪುಸ್ತಕಗಳಲ್ಲಿ. ಓಪಿಡಿ ಸಾಲಲ್ಲಿ ನಿಂತೋರಿಗೆ ತಲುಪಿದ್ದು ಕಮ್ಮಿ.

ಸಾಲಲ್ಲಿ ನಿಂತೋರು ಸುಮ್ಮನಿರಲಿಲ್ಲ. 'ದನದ ಡಾಕ್ಟ್ರು' ಪದದಲ್ಲಿದ್ದ ಉಪಾಯವನ್ನೇ ಹಿಡಿದು ತಮ್ಮ ಪದಕೋಶ ತಾವೇ ಕಟ್ಟಿಕೊಂಡ್ರು. ಮುಂದೆ ಕೆಲಸದ ಪದ, ಹಿಂದೆ ಡಾಕ್ಟ್ರು. ಕಣ್ಣಿನ ಡಾಕ್ಟ್ರು, ಹಲ್ಲಿನ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಹಾರ್ಟ್ ಡಾಕ್ಟ್ರು, ಶುಗರ್ ಡಾಕ್ಟ್ರು, ಹೆರಿಗೆ ಡಾಕ್ಟ್ರು. ಮಂಡ್ಯದಲ್ಲಿ 'ಐದ್ರುಪಾಯ್ ಡಾಕ್ಟ್ರು' ಅಂದ್ರೆ ಚರ್ಮರೋಗದ ಡಾ. ಶಂಕರೇಗೌಡರು. ಅಲ್ಲಿ ಫೀಸೇ ಹೆಸರಾಗಿದೆ, ಬಡವನಿಗೆ ಅದಕ್ಕಿಂತ ಬೇಕಾದ ಮಾಹಿತಿ ಇನ್ನೇನಿದೆ? ಅರ್ಧ ಇಂಗ್ಲಿಷು ಅಂತ ನಾವು ಮೂಗು ಮುರಿಯೋ ಈ ಪದಗಳು ಸೂಲಗಿತ್ತಿ, ಮೂಳೆ ಕಟ್ಟೋರು ಅನ್ನೋ ಪದಗಳ ಮೊಮ್ಮಕ್ಕಳು.

ಈ ಪದಕೋಶದಲ್ಲಿ ತೂತುಗಳೂ ಇವೆ, ಅಪಾಯ ಇರೋದು ಅಲ್ಲೇ. ಕಿಡ್ನಿಗೇ ಇಬ್ಬರು ಡಾಕ್ಟರಿದಾರೆ. ಕಿಡ್ನಿ ಸೋತಾಗ ಔಷಧಿ, ಡಯಾಲಿಸಿಸ್ ನೋಡೋರು ನೆಫ್ರಾಲಜಿಸ್ಟ್, ಕಲ್ಲು ತೆಗೆಯೋರು, ಆಪರೇಷನ್ ಮಾಡೋರು ಯೂರಾಲಜಿಸ್ಟ್. ಇವರನ್ನ ಬೇರೆ ಮಾಡೋ ಮಾತು ಜನರ ಬಾಯಲ್ಲಿ ಇನ್ನೂ ಹುಟ್ಟಿಲ್ಲ. ಮನಸ್ಸಿನ ಕಾಯಿಲೆಗಂತೂ ಹುಟ್ಟಿದ ಪದವೇ ಅಡ್ಡಿಯಾಯ್ತು. ಬೆಂಗಳೂರಿನ ಹುಚ್ಚರ ಆಸ್ಪತ್ರೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯ್ತು, 1974ರಲ್ಲಿ ನಿಮ್ಹಾನ್ಸ್ ಆಯ್ತು. ಊರಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆಯೇ. ನಿದ್ದೆ ಬರ್ತಿಲ್ಲ, ಸುಮ್ಮನೆ ಅಳು ಬರುತ್ತೆ ಅನ್ನೋ ಹೆಣ್ಣುಮಗಳು ಆ ಹೆಸರು ದಾಟಿ ಹೇಗೆ ಹೋದಾಳು?

ಇನ್ನು ಡಾಕ್ಟ್ರು ಅನ್ನೋ ಪದದ ಮರೆಯಲ್ಲಿ ನಡೆಯೋದೂ ಇದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹೊರಗೆಳೆದ ಭ್ರೂಣಹತ್ಯೆ ಜಾಲದ ಸುದ್ದಿ ನೆನಪಿರಬೇಕು. ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೀತಿತ್ತು ಅಂತ ಅವರು ಹೇಳಿದ್ರು. ಬೆಲ್ಲ ಕಾಯಿಸೋ ಜಾಗದಲ್ಲಿ ಹೊಟ್ಟೆಯೊಳಗಿರೋದು ಗಂಡೋ ಹೆಣ್ಣೋ ನೋಡೋ ಯಂತ್ರ! 1994ರ ಕಾನೂನು ಅದನ್ನ ನಿಷೇಧಿಸಿ ಮೂವತ್ತು ವರ್ಷವಾಗ್ತಾ ಬಂದಿತ್ತು. ಆಲೆಮನೆಗೆ ಬೋರ್ಡು ಇರಲಿಲ್ಲ, ಯಾವ್ದುಕ್ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಹೋದವರಿಗೆಲ್ಲ ಗೊತ್ತಿತ್ತು.

ಅದಕ್ಕೇ ಅಪ್ಪನ ಪ್ರಶ್ನೆ ದಡ್ಡರ ಪ್ರಶ್ನೆ ಅಲ್ಲ ಅಂತ ಈಗ ಅನ್ನಿಸುತ್ತೆ. ಡಾಕ್ಟರ ಹೆಸರಿನ ಮುಂದಿನ ಅಕ್ಷರಗಳನ್ನ ನೋಡಿ ನಾವು ಕೈ ಮುಗೀತೀವಿ. ಅಪ್ಪ ಕೇಳಿದ್ದು ಆ ಕೈ ಏನು ಮಾಡುತ್ತೆ ಅಂತ. ರೋಗಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಗುರುವಾರ ನಾನೇ ರಜೆ ಹಾಕಿ ಜೊತೆಗೆ ಹೋದೆ. ಕಿಡ್ನಿ ಡಾಕ್ಟ್ರು ಒಳ್ಳೆ ಹೊತ್ತಿಗೆ ಬಂದಿದೀರಿ ಅಂದ್ರು. ಈಗ ಉಪ್ಪು ಕಮ್ಮಿ, ಮಾತ್ರೆ ಮೂರು, ಮೂರು ತಿಂಗಳಿಗೊಮ್ಮೆ ಮೈಸೂರು. ವಾಪಸ್ ಬರುವಾಗ ಬಸ್ಸಲ್ಲಿ ಒಂದು ಹಾಳೆ ತೆಗೆದು ಎಡಗಡೆ ಬೋರ್ಡಿನ ಹೆಸರು, ಬಲಗಡೆ ನಮ್ಮ ಹೆಸರು ಬರೀತಾ ಹೋದೆ. ನೆಫ್ರೋ: ಕಿಡ್ನಿ. ಯೂರೋ: ಕಿಡ್ನಿ ಕಲ್ಲು, ಆಪರೇಷನ್ನು. ನ್ಯೂರೋ: ನರ, ಮಿದುಳು. ಆಂಕೋ: ಕ್ಯಾನ್ಸರು. ಅಪ್ಪ ಅದನ್ನ ಮಡಚಿ ರೇಷನ್ ಕಾರ್ಡಿನ ಕವರಿಗೆ ಹಾಕಿದ್ರು.

ಹೋದ ತಿಂಗಳು ಊರಿಗೆ ಹೋದಾಗ ಆ ಹಾಳೆ ಕವರಲ್ಲಿರಲಿಲ್ಲ. ಪಕ್ಕದ ಮನೆಯವರು ಈಸ್ಕೊಂಡು ಹೋಗಿದ್ರಂತೆ, ಅವರಿಂದ ಇನ್ಯಾರೋ ಫೋಟೋ ತೆಗೆಸಿಕೊಂಡ್ರಂತೆ. "ಇನ್ನೊಂದು ಬರ್ಕೊಡ್ಲಾ" ಅಂದ್ರು ಅಪ್ಪ. "ಈ ಸಲ ದಪ್ಪಕ್ಷರದಲ್ಲಿ ಬರ್ದ್ಬುಡು."